ಅರ್ಥ ಹೇಳುವುದನ್ನು ಬಿಟ್ಟ ಮಾವ: ಶಿರಸಿ ಕಡೆಯ ಒಂದು ಪ್ರಕರಣ

ಈ ಪ್ರಕರಣ ನನ್ನ ಸೋದರಮಾವನದು. ಅವರ ಮತ್ತು ಮಕ್ಕಳ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬಿಟ್ಟು ಬರೆಯುತ್ತಿದ್ದೇನೆ. ವಯಸ್ಸಾದವರ ಮರೆವಿನ ಬಗ್ಗೆ ನಮ್ಮ ಕಡೆ ಹೆಚ್ಚಾಗಿ ಎರಡು ಮಾತು ಕೇಳಿಬರುತ್ತವೆ. ಅರವತ್ತಕ್ಕೆ ಅರಳುಮರಳು, ಅದಕ್ಕೆ ಯಾರೇನು ಮಾಡಲಾಗುತ್ತದೆ ಎನ್ನುವುದು ಒಂದು. ಒಂದೆಲಗದ ತಂಬುಳಿ ಮಾಡಿ ಹಾಕಿ, ಸರಿಹೋಗುತ್ತದೆ ಎನ್ನುವುದು ಇನ್ನೊಂದು. ಕೈಚೆಲ್ಲುವುದಕ್ಕೂ ತಂಬುಳಿಯನ್ನು ನಂಬಿ ಕೂರುವುದಕ್ಕೂ ನಡುವೆ ಮಾಡಬಹುದಾದ ಕೆಲಸ ಎಷ್ಟೊಂದು ಇದೆ ಎಂಬುದನ್ನು ಮಾವನ ಮನೆಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಮಾವನಿಗೆ ಆಗ 72. ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಹಳ್ಳಿಯಲ್ಲಿ ಮನೆ, ಮನೆಯ ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ. ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಾಗಿದ್ದು ನಿವೃತ್ತರಾದವರು. ಆದರೆ ಸುತ್ತಿನ ಊರುಗಳಿಗೆ ಅವರು ಗೊತ್ತಿರುವುದು ತಾಳಮದ್ದಲೆಯ, ಅಂದರೆ ವೇಷ, ಕುಣಿತವಿಲ್ಲದೇ ಕೂತು ನಡೆಸುವ ಯಕ್ಷಗಾನದ, ಅರ್ಥಧಾರಿಯಾಗಿ, ಪಾತ್ರದ ಮಾತು ಆಡುವವರಾಗಿ. ಸಂಧಾನದ ಕೃಷ್ಣ, ಬಾಣ ತಗುಲಿ ಬಿದ್ದು ರಾಮನನ್ನು ಪ್ರಶ್ನಿಸುವ ವಾಲಿ, ಇವೆರಡು ಪಾತ್ರಕ್ಕೆ ಅವರನ್ನೇ ಕರೆಯುತ್ತಿದ್ದರು. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ನಮ್ಮಲ್ಲಿ ಮನೆಮನೆಯ ಜಗಲಿಯಲ್ಲಿ ತಾಳಮದ್ದಲೆ ಶುರುವಾಗುತ್ತದೆ. ಆ ನಾಲ್ಕು ತಿಂಗಳು ಮಾವ ಮನೆಯಲ್ಲಿ ಊಟ ಮಾಡಿದ ರಾತ್ರಿಗಳೇ ಕಡಿಮೆ.

ಅತ್ತೆ ತೀರಿಕೊಂಡ ಎರಡನೇ ವರ್ಷದ ಮಳೆಗಾಲದಲ್ಲಿ ಒಂದು ಕಡೆ ಎದುರಿನ ಅರ್ಥಧಾರಿ ಕೇಳಿದ್ದೊಂದು, ಮಾವ ಉತ್ತರಿಸಿದ್ದೊಂದು. ಮತ್ತೆ ಹಾಗೇ ಆಯಿತು. ಕೂತವರಲ್ಲಿ ಗುಸುಗುಸು. ಪ್ರಸಂಗ ಮುಗಿಯುವ ಮೊದಲೇ ಮೈಗೆ ಹುಷಾರಿಲ್ಲವೆಂದು ಎದ್ದು ಬಂದರು. ಆಮೇಲೆ ಯಾರು ಕರೆದರೂ "ಯಂಗೆ ಆಗ್ತಿಲ್ಲೆ, ಬೇರೆಯವ್ರಿಗೆ ಹೇಳಿ" ಎನ್ನತೊಡಗಿದರು. ಮನೆಯಲ್ಲೂ ಒಂದೊಂದಾಗಿ ಕಾಣಿಸಿಕೊಂಡಿತು. ಬೆಳಗಿನ ಬಿಪಿ ಮಾತ್ರೆ ತೆಗೆದುಕೊಂಡೆನೋ ಇಲ್ಲವೋ ಎಂಬ ಗೊಂದಲ. ಸೊಸೈಟಿಯಲ್ಲಿ ಚಾಲಿ ಅಡಿಕೆ ಟೆಂಡರಿಗೆ ಬಿಟ್ಟು ಬಂದವರು ಮಗನಿಗೆ ಹೇಳಿದ ದರ ಬೇರೆ, ಪಟ್ಟಿಯಲ್ಲಿದ್ದ ದರ ಬೇರೆ. ಮೊಮ್ಮಗಳು ಮೂರು ಸಲ ಕರೆದರೂ ಓಗೊಡುತ್ತಿರಲಿಲ್ಲ. ಟಿವಿಯ ದನಿ ಮಾತ್ರ ದಿನದಿನಕ್ಕೆ ಏರುತ್ತಿತ್ತು. ಮಗ ಫೋನು ಮಾಡಿದಾಗ ಹೇಳಿದ್ದು: "ಅಪ್ಪಯ್ಯಂಗೆ ಅರಳುಮರಳು ಶುರು ಆತು ಕಾಣ್ತು."

ಬೆಂಗಳೂರಿನಲ್ಲಿರುವ ಮಗಳು ಗಾಬರಿಯಾಗಿ ಮಿದುಳಿಗೆ ವ್ಯಾಯಾಮ ಕೊಡುತ್ತದೆ ಎನ್ನುವ ಮೊಬೈಲ್ ಆಟವೊಂದನ್ನು ಹಾಕಿಕೊಟ್ಟಳು, ಬ್ರಾಹ್ಮಿ ಮಾತ್ರೆಯ ಡಬ್ಬಿಗಳನ್ನು ಕಳಿಸಿದಳು. ಮಾವ ಆಟವನ್ನು ಎರಡು ದಿನ ಆಡಿ ಮೊಬೈಲನ್ನು ಮೊಮ್ಮಗಳ ಕೈಗೆ ಕೊಟ್ಟರು.

ಮಾತ್ರೆಗಳ ಚೀಲ

ಶಿರಸಿಯ ವೈದ್ಯರೊಬ್ಬರ ಬಳಿ ಸಮಯ ಗೊತ್ತುಮಾಡಿದಾಗ ಅವರು ಮೊದಲು ಹೇಳಿದ್ದು, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ತನ್ನಿ ಎಂದು. ಮೇಜಿನ ಮೇಲೆ ಚೀಲ ಸುರಿದಾಗ ಬಿದ್ದದ್ದು ಇಷ್ಟು: ಸಕ್ಕರೆ ಕಾಯಿಲೆಗೆ ಹತ್ತು ವರ್ಷದಿಂದ ನುಂಗುತ್ತಿದ್ದ ಮೆಟ್‌ಫಾರ್ಮಿನ್, ಬಿಪಿಗೆ ಆಮ್ಲೋಡಿಪಿನ್, ಎದೆಯುರಿಗೆಂದು ಎಂದೋ ಶುರುಮಾಡಿ ಬಿಡದೇ ಉಳಿದ ಪ್ಯಾಂಟೊಪ್ರಜೋಲ್, ಅತ್ತೆ ಹೋದ ಹೊಸತರಲ್ಲಿ ನಿದ್ದೆ ಬಾರದೆಂದು ಕೊಡಿಸಿದ್ದ ಆಲ್‌ಪ್ರಜೊಲಾಮ್, ಮತ್ತೆ ನೆಗಡಿಗೆ ಅಂಗಡಿಯಿಂದ ತಂದ ಕ್ಲೋರ್‌ಫೆನಿರಮೈನ್ ಇರುವ ಮಾತ್ರೆಗಳು.

ವೈದ್ಯರು ಒಂದೊಂದನ್ನೇ ಎತ್ತಿ ಬದಿಗಿಡುತ್ತ ಮಾತಾಡಿದರು. ನಿದ್ದೆಯ ಮಾತ್ರೆಯೂ ನೆಗಡಿಯ ಮಾತ್ರೆಯೂ ವಯಸ್ಸಾದವರಲ್ಲಿ ಮಂಪರು, ಗೊಂದಲ, ಮರೆವು ತರುತ್ತವೆ. ನಿದ್ದೆಯ ಮಾತ್ರೆಯನ್ನು ಒಮ್ಮೆಲೇ ಬಿಡಬಾರದು, ವೈದ್ಯರ ಸೂಚನೆಯಂತೆ ನಿಧಾನವಾಗಿ ಇಳಿಸಬೇಕು. ಇನ್ನು ಮೆಟ್‌ಫಾರ್ಮಿನ್. ಅದು ಒಳ್ಳೆಯ ಔಷಧವೇ. ಆದರೆ ಬಹಳ ವರ್ಷ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಬಹುದು. ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಕೂಡ ಅದೇ ಕೆಲಸ ಮಾಡುತ್ತದೆ, ಯಾಕೆಂದರೆ ಆಹಾರದಿಂದ ಬಿ12 ಬಿಡಿಸಿಕೊಳ್ಳಲು ಆ ಆಮ್ಲ ಬೇಕು. ಇದರ ಮೇಲೆ ಮಾವ ಹುಟ್ಟಾ ಸಸ್ಯಾಹಾರಿ. ಬಿ12 ಸಿಗುವುದು ಪ್ರಾಣಿಮೂಲದ ಆಹಾರದಿಂದ ಮಾತ್ರ, ಸಸ್ಯಾಹಾರಿಗೆ ಹಾಲು ಮೊಸರೇ ಗತಿ. ಅತ್ತೆ ಹೋದಮೇಲೆ ಮಾವ ರಾತ್ರಿಯ ಹಾಲು ಬಿಟ್ಟಿದ್ದರು. ಹೀಗೆ ಮೂರು ಕಡೆಯಿಂದಲೂ ಬರುವುದು ಕಟ್ಟಿಹೋಗಿತ್ತು.

ರಕ್ತಪರೀಕ್ಷೆಯಲ್ಲಿ ಬಿ12 ಬಹಳ ಕೆಳಗಿತ್ತು, ಥೈರಾಯ್ಡ್ ಸರಿಯಿತ್ತು, ಸಕ್ಕರೆ ಹತೋಟಿ ತಪ್ಪಿತ್ತು. ಬಿಪಿ 164/92. ತಲೆಯ ಸಿ.ಟಿ. ಸ್ಕ್ಯಾನಿನಲ್ಲಿ ರಕ್ತಸ್ರಾವವಾಗಲಿ ಗಡ್ಡೆಯಾಗಲಿ ಕಾಣಲಿಲ್ಲ. ಬಿ12 ಕೊರತೆಯಿಂದ ಬರುವ ಮರೆವು ಬೇಗ ಗಮನಿಸಿದರೆ ಸುಧಾರಿಸಬಹುದಾದ ಜಾತಿಯದು, ಹಾಗಾಗಿ ಚುಚ್ಚುಮದ್ದು ಅಂದೇ ಶುರುವಾಯಿತು. ಸಸ್ಯಾಹಾರಿ ಮನೆಗಳಲ್ಲಿ, ಅದರಲ್ಲೂ ಮೆಟ್‌ಫಾರ್ಮಿನ್ ನುಂಗುವ ಹಿರಿಯರಿರುವ ಮನೆಗಳಲ್ಲಿ, ಈ ಒಂದು ಪರೀಕ್ಷೆಯನ್ನು ವೈದ್ಯರಲ್ಲಿ ಕೇಳಿ ಮಾಡಿಸಲೇಬೇಕು ಎಂದು ನಾನು ಕಂಡಕಂಡವರಿಗೆ ಹೇಳುತ್ತಿದ್ದೇನೆ.

ಬಿಪಿಯ ವಿಷಯ ಇನ್ನೂ ದೊಡ್ಡದು. ಮಿದುಳಿನ ಸಣ್ಣ ರಕ್ತನಾಳಗಳು ವರ್ಷಗಟ್ಟಲೆ ಹೆಚ್ಚಿನ ಒತ್ತಡ ತಡೆದುಕೊಳ್ಳಲಾರವು. ಅಮೆರಿಕದ ಸ್ಪ್ರಿಂಟ್ ಮೈಂಡ್ ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು. ಮೇಲಿನ ಬಿಪಿಯನ್ನು 140ರ ಬದಲು 120ರ ಒಳಗೆ ತರುವ ಗುರಿಯಿಟ್ಟು ಚಿಕಿತ್ಸೆ ಕೊಟ್ಟವರಲ್ಲಿ ಸೌಮ್ಯ ಅರಿವಿನ ಕುಂದು, ಅಂದರೆ ದಿನದ ಕೆಲಸ ತಪ್ಪಿಸದಷ್ಟು ಸಣ್ಣ ಮರೆವು, ಸುಮಾರು 19 ಶೇಕಡ ಕಡಿಮೆ ಕಂಡಿತು. ದಿನದ ಕೆಲಸವೇ ನಡೆಯದಷ್ಟು ಅರಿವು ಕುಸಿಯುವ ಪೂರ್ಣಪ್ರಮಾಣದ ಡಿಮೆನ್ಶಿಯಾದ ವಿಷಯದಲ್ಲಿ ಮಾತ್ರ ಅಂಥ ಖಚಿತ ವ್ಯತ್ಯಾಸ ಸಿಗಲಿಲ್ಲ. ಆ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯವರು ಇರಲಿಲ್ಲವಾದ್ದರಿಂದ ಮಾವನಿಗೆ ಎಷ್ಟಕ್ಕೆ ಇಳಿಸಬೇಕೆಂಬುದನ್ನು ವೈದ್ಯರು, ನಿಂತಾಗ ತಲೆಸುತ್ತು ಬರುತ್ತದೆಯೇ ಎಂದು ನೋಡಿಕೊಂಡು, ಹಂತಹಂತವಾಗಿ ನಿರ್ಧರಿಸಿದರು.

ಕಾಲು ಮತ್ತು ಪಾಲು

ನೆನಪಿನ ಪರೀಕ್ಷೆ 30 ಅಂಕಗಳದ್ದು. ಮಾವನಿಗೆ ಬಂದದ್ದು 22. ಅಂಕಕ್ಕಿಂತ ಮುಖ್ಯವಾದದ್ದು ಪರೀಕ್ಷೆಯ ನಡುವೆಯೇ ಬೆಳಕಿಗೆ ಬಂತು. ವೈದ್ಯರು ಐದು ಪದ ಹೇಳಿ, ತಿರುಗಿ ಹೇಳಿ ಎಂದರು. 'ಕಾಲು' ಎಂದದ್ದಕ್ಕೆ ಮಾವ 'ಪಾಲು' ಎಂದರು. ವೈದ್ಯರು ಅಲ್ಲಿಗೇ ನಿಲ್ಲಿಸಿ, ಬಾಯಿಗೆ ಕಾಗದ ಅಡ್ಡ ಹಿಡಿದು ಇನ್ನೆರಡು ಪದ ಹೇಳಿದರು. ಎರಡೂ ತಪ್ಪಿದವು. ಬೇರೆ ಐದು ಪದಗಳನ್ನು ದೊಡ್ಡದಾಗಿ ಬರೆದು ತೋರಿಸಿದರು. ಸ್ವಲ್ಪ ಹೊತ್ತು ಬೇರೆ ಮಾತಾಡಿಸಿ ಕೇಳಿದಾಗ ಮಾವ ನಾಲ್ಕನ್ನು ಸರಿಯಾಗಿ ಹೇಳಿದರು.

ಅಂದರೆ ಕಣ್ಣಿನಿಂದ ಒಳಗೆ ಹೋದದ್ದು ಉಳಿಯುತ್ತಿತ್ತು, ಕಿವಿಯಿಂದ ಹೋಗಬೇಕಾದದ್ದು ಅರ್ಧಕ್ಕರ್ಧ ಒಳಗೇ ಹೋಗುತ್ತಿರಲಿಲ್ಲ. ಕೇಳಿಸದೇ ಇದ್ದದ್ದನ್ನು ಯಾರು ತಾನೇ ನೆನಪಿಟ್ಟುಕೊಂಡಾರು?

ಕಿವಿ ತಜ್ಞರಲ್ಲಿ ಶ್ರವಣ ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿಯಲ್ಲಿ ಮಧ್ಯಮ ಪ್ರಮಾಣದ ಕೊರತೆ, ಅದರಲ್ಲೂ ತೀಕ್ಷ್ಣ ಸ್ವರಗಳಲ್ಲಿ ಹೆಚ್ಚು. ವಯಸ್ಸಿನ ಕಿವುಡಿನ ಸಾಮಾನ್ಯ ರೀತಿ ಇದು. ಗಂಡಸರ ದಪ್ಪ ದನಿ ಕೇಳುತ್ತದೆ, ಮಕ್ಕಳ ಮತ್ತು ಹೆಂಗಸರ ತೆಳು ದನಿ ಜಾರಿಹೋಗುತ್ತದೆ. ಅ, ಆ, ಇ ಇಂಥ ಸ್ವರಾಕ್ಷರಗಳು ಕೇಳುತ್ತವೆ, ಕ, ಪ, ತ, ಸ ಇಂಥ ವ್ಯಂಜನಗಳು ಒಂದಕ್ಕೊಂದು ಬೆರೆಯುತ್ತವೆ. ಆದ್ದರಿಂದಲೇ ಇಂಥವರು ನನಗೆ ಕಿವಿ ಕೇಳುತ್ತದೆ ಎಂದು ವಾದಿಸುವುದು, ಅವರ ಮಟ್ಟಿಗೆ ಅದು ಸುಳ್ಳೂ ಅಲ್ಲ. ಶಬ್ದ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಮಗನ ಮಾತಿಗೆ ಉತ್ತರಿಸುತ್ತಿದ್ದ ಮಾವ ಮೊಮ್ಮಗಳ ಕರೆಗೆ ಓಗೊಡದೇ ಇದ್ದದ್ದು ಯಾಕೆಂದು ಆಗ ತಿಳಿಯಿತು. ಆಷಾಢದ ಮಳೆ ತಗಡಿನ ಮಾಡಿನ ಮೇಲೆ ಹೊಯ್ಯುತ್ತಿರುವಾಗ, ಮದ್ದಲೆ ನುಡಿಯುತ್ತಿರುವಾಗ, ಎದುರಿನ ಅರ್ಥಧಾರಿಯ ಮಾತಿನ ಎಳೆ ಅವರಿಗೆ ಎಲ್ಲಿ ಸಿಗಬೇಕಿತ್ತು!

ಈ ಕೊರತೆಯನ್ನು ತುಂಬಿಕೊಳ್ಳಲು ಮಿದುಳು ಊಹೆಯ ಮೇಲೆ ಊಹೆ ಕಟ್ಟುತ್ತಿರುತ್ತದೆ. ಆ ದುಡಿಮೆಗೇ ಶಕ್ತಿಯೆಲ್ಲ ಖರ್ಚಾದರೆ ನೆನಪಿಡಲು, ಯೋಚಿಸಲು ಉಳಿಯುವುದು ಕಡಿಮೆ. ತಪ್ಪು ಉತ್ತರ ಕೊಟ್ಟು ಅವಮಾನವಾದೀತೆಂದು ಮನುಷ್ಯ ಜನರಿಂದ ಹಿಂದೆ ಸರಿಯುತ್ತಾನೆ. ಮಾತು ನಿಲ್ಲುತ್ತದೆ. ಅಲ್ಲಿಂದ ನಿಜವಾದ ಇಳಿಜಾರು.

ಡಿಮೆನ್ಶಿಯಾ ಕುರಿತ, ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರ ವರದಿಯಲ್ಲಿ ತಿದ್ದಿಕೊಳ್ಳಬಹುದಾದ 14 ಅಪಾಯಕಾರಣಗಳನ್ನು ಎಣಿಸಿದೆ. ಇವೆಲ್ಲವನ್ನೂ ನಿವಾರಿಸಲಾದರೆ ಜಗತ್ತಿನ ಡಿಮೆನ್ಶಿಯಾ ಪ್ರಕರಣಗಳಲ್ಲಿ ಸುಮಾರು 45 ಶೇಕಡ ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅದರ ಅಂದಾಜು. ಮಧ್ಯವಯಸ್ಸಿನಿಂದ ಶುರುವಾಗುವ ಕಿವುಡು ಆ ಪಟ್ಟಿಯಲ್ಲಿ ತೂಕದ ಕಾರಣಗಳಲ್ಲೊಂದು. ಕೆಟ್ಟ ಕೊಲೆಸ್ಟ್ರಾಲ್, ಬಿಪಿ, ಸಕ್ಕರೆ, ಧೂಮಪಾನ, ಖಿನ್ನತೆ, ಒಂಟಿತನ, ಸರಿಪಡಿಸದ ದೃಷ್ಟಿದೋಷ ಇವೂ ಇವೆ. ಮಾವನ ಮಟ್ಟಿಗೆ ಎಣಿಸಿದರೆ ಅರ್ಧ ಪಟ್ಟಿ ಅವರ ಮನೆಯಲ್ಲೇ ಇತ್ತು.

ಶ್ರವಣಯಂತ್ರದಿಂದ ಎಲ್ಲರ ಬುದ್ಧಿಯೂ ಉಳಿಯುತ್ತದೆ ಎಂದು ಮಾತ್ರ ಹೇಳುವಂತಿಲ್ಲ. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರ ಮೇಲೆ ಮೂರು ವರ್ಷ ನಡೆದ ಅಚೀವ್ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಒಟ್ಟಾರೆ ಗುಂಪಿನಲ್ಲಿ ಯಂತ್ರ ಪಡೆದವರಿಗೂ ಇಲ್ಲದವರಿಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ಹೃದಯ, ರಕ್ತನಾಳದ ತೊಂದರೆಗಳು ಹೆಚ್ಚಿದ್ದ ಅಪಾಯದ ಗುಂಪಿನಲ್ಲಿ ಅರಿವಿನ ಕುಸಿತ ಸುಮಾರು 48 ಶೇಕಡ ನಿಧಾನವಾಗಿತ್ತು. ಬಿಪಿ, ಸಕ್ಕರೆ ಎರಡೂ ಇದ್ದ ಮಾವನಂಥವರು ಈ ಎರಡನೆಯ ಗುಂಪಿಗೆ ಹತ್ತಿರ.

ಯಂತ್ರಕ್ಕೆ ಮಾವ ಸುಲಭವಾಗಿ ಒಪ್ಪಲಿಲ್ಲ. "ಯಂಗೆ ಯಂತೂ ಆಜಿಲ್ಲೆ, ನಿಂಗ ಎಲ್ಲ ಗುಣುಗುಣು ಮಾತಾಡ್ತಿ" ಎನ್ನುವುದೇ ಅವರ ವಾದ. ಒಪ್ಪಿಸಿದ್ದು ಅವರ ಹಳೆಯ ಜೋಡಿ ಭಾಗವತರು. ಅವರು ಮನೆಗೆ ಬಂದು ತಮ್ಮ ಕಿವಿಯ ಹಿಂದಿನ ಯಂತ್ರವನ್ನು ತೆಗೆದು ಅಂಗೈ ಮೇಲಿಟ್ಟು ತೋರಿಸಿದರು. ಐದು ವರ್ಷದಿಂದ ಅದನ್ನು ಹಾಕಿಕೊಂಡೇ ಪದ್ಯ ಹೇಳುತ್ತಿದ್ದೇನೆ ಎಂದರು. ಮಾವನಿಗೆ ಅದು ಗೊತ್ತೇ ಇರಲಿಲ್ಲ. ಅರ್ಧ ಕ್ವಿಂಟಲ್ ಚಾಲಿಯ ದುಡ್ಡಿನಲ್ಲಿ ಬಲಗಿವಿಗೆ ಒಂದು ಯಂತ್ರ ಬಂತು.

ಮೊದಲ ಒಂದು ತಿಂಗಳು ಯಾತನೆಯದೇ. ಪಾತ್ರೆಯ ಸದ್ದು, ನೀರು ಬೀಳುವ ಸದ್ದು, ಜೀರುಂಡೆ, ಎಲ್ಲ ಒಟ್ಟಿಗೆ ನುಗ್ಗಿ ಬಂದವು. ವರ್ಷಗಟ್ಟಲೆ ಕೇಳಿರದ ಸದ್ದುಗಳನ್ನು ಬೇಕಾದದ್ದು, ಬೇಡವಾದದ್ದು ಎಂದು ಬೇರ್ಪಡಿಸಲು ಮಿದುಳಿಗೆ ವಾರಗಳೇ ಬೇಕು, ಕೆಲವರಿಗೆ ತಿಂಗಳುಗಳು. ಬಹಳ ಮನೆಗಳಲ್ಲಿ ಯಂತ್ರ ಕಪಾಟು ಸೇರುವುದು ಈ ಹಂತದಲ್ಲೇ. ಶ್ರವಣತಜ್ಞೆ ಹೇಳಿದ ಕ್ರಮ ಹೀಗಿತ್ತು: ಮೊದಲು ಸದ್ದಿಲ್ಲದ ಕೋಣೆಯಲ್ಲಿ ಒಬ್ಬರೊಡನೆ ಮಾತು, ಆಮೇಲೆ ಊಟದ ಹೊತ್ತಿಗೆ, ಆಮೇಲೆ ಪೇಟೆ, ಕೊನೆಗೆ ಸಭೆ. ಸೊಸೆ ಇದನ್ನು ಬಿಡದೇ ನಡೆಸಿದಳು. ಮನೆಯವರೆಲ್ಲ ಮುಖ ಕಾಣುವಂತೆ ನಿಂತು, ಕೂಗದೇ, ನಿಧಾನವಾಗಿ ಮಾತಾಡುವುದನ್ನು ರೂಢಿಸಿಕೊಂಡರು. ನಮ್ಮ ಮಳೆಗಾಲದ ಥಂಡಿಗೆ ಯಂತ್ರ ಕೆಡುತ್ತದೆ. ರಾತ್ರಿ ಅದನ್ನು ತೆಗೆದು, ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಬೇಕು. ಇದನ್ನು ಕೊಡುವವರು ಹೇಳದಿದ್ದರೆ ಕೇಳಿ ತಿಳಿದುಕೊಳ್ಳಿ.

ದಿನಚರಿ

ತೋಟಕ್ಕೆ ಇಳಿದು ಹತ್ತುವುದು ಮಾವನ ಆಯುಷ್ಯದುದ್ದಕ್ಕೂ ಇದ್ದ ನಡಿಗೆ. ಮಂಡಿನೋವೆಂದು ಮಗ ಸ್ಕೂಟಿಯಲ್ಲಿ ಕೂರಿಸಿಕೊಂಡು ಹೋಗತೊಡಗಿದ ಮೇಲೆ ಅದು ನಿಂತಿತ್ತು. ಪ್ರೀತಿಯಿಂದ ಮಾಡಿದ ಕೆಲಸವೇ ಅದು. ಈಗ ಮತ್ತೆ ಬೆಳಿಗ್ಗೆ ಒಮ್ಮೆ, ಬಿಸಿಲು ತಗ್ಗಿದ ಮೇಲೆ ಒಮ್ಮೆ ಊರುಗೋಲು ಹಿಡಿದು ತಾವೇ ಇಳಿಯುತ್ತಾರೆ. ವಾರಕ್ಕೆ 150 ನಿಮಿಷ ಮಧ್ಯಮ ವೇಗದ ಚಟುವಟಿಕೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಅಷ್ಟರಲ್ಲೇ ತುಂಬುತ್ತದೆ. ನಡಿಗೆಯಿಂದ ಮಿದುಳಿಗೆ ಏನಾಗುತ್ತದೆ ಎಂದು ಕೇಳುವವರಿಗೆ 2011ರ ಒಂದು ಅಮೆರಿಕನ್ ಪ್ರಯೋಗ ಉತ್ತರ ಕೊಡುತ್ತದೆ. 120 ಹಿರಿಯರಲ್ಲಿ ಒಂದು ವರ್ಷ ಬಿರುಸಾಗಿ ನಡೆದವರ ಹಿಪೊಕ್ಯಾಂಪಸ್, ಅಂದರೆ ಹೊಸ ನೆನಪು ಕಟ್ಟುವ ಮಿದುಳಿನ ಭಾಗ, ಸುಮಾರು 2 ಶೇಕಡ ದೊಡ್ಡದಾಯಿತು. ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಅದು ಕುಗ್ಗಿತು.

ಊಟದಲ್ಲಿ ದೊಡ್ಡ ಬದಲಾವಣೆ ಮಾಡಲಿಲ್ಲ. ಅನ್ನ ಸ್ವಲ್ಪ ಇಳಿಯಿತು, ಕಾಳು, ಸೊಪ್ಪು, ಮೊಸರು ಏರಿತು. ಒಂದೆಲಗದ ತಂಬುಳಿ ವಾರಕ್ಕೊಮ್ಮೆ ಇದ್ದೇ ಇದೆ, ರುಚಿಗಾಗಿ. ಕಷ್ಟವಾದದ್ದು ಮಿಡಿ ಉಪ್ಪಿನಕಾಯಿಯದು. ಎರಡು ಹೊತ್ತೂ ಮಾವಿನಮಿಡಿ, ಅದರ ರಸದಲ್ಲಿ ಕಲಸಿದ ಮೊಸರನ್ನ, ಜೊತೆಗೆ ಹಪ್ಪಳ: ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿ ಮಧ್ಯಾಹ್ನಕ್ಕೇ ದಾಟುತ್ತಿತ್ತು. ಈಗ ಮಧ್ಯಾಹ್ನ ಮಾತ್ರ ಒಂದು ಮಿಡಿ. ಕವಳದಿಂದ, ಅಂದರೆ ಜಗಿಯುವ ಎಲೆ-ಅಡಿಕೆಯಿಂದ, ಹೊಗೆಸೊಪ್ಪು ಬಿಡಿಸಲು ಹೋರಾಟವೇ ನಡೆಯಿತು. ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು 2004ರಲ್ಲೇ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಅಡಿಕೆಯಿಂದಲೇ ಬದುಕಿದ ಮನೆಯಲ್ಲಿ ಈ ಮಾತು ಆಡುವುದು ಕಷ್ಟ, ಆದರೂ ಆಡಬೇಕು.

ಮಧ್ಯಾಹ್ನದ ಎರಡು ತಾಸಿನ ನಿದ್ದೆಯನ್ನು ಅರ್ಧ ತಾಸಿಗೆ ಇಳಿಸಿದರು. ರಾತ್ರಿಯ ನಿದ್ದೆ ತಾನಾಗಿ ಗಟ್ಟಿಯಾಯಿತು, ಮಾತ್ರೆ ಬಿಡಲೂ ಅದೇ ನೆರವಾಯಿತು.

ಮತ್ತೆ ಜಗಲಿಗೆ

ನನ್ನ ದೃಷ್ಟಿಯಲ್ಲಿ ಉಳಿದೆಲ್ಲ ಸಿದ್ಧತೆ, ಇದೇ ಮುಖ್ಯ ಚಿಕಿತ್ಸೆ. ತಾಳಮದ್ದಲೆಯಲ್ಲಿ ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಅದರ ಅರ್ಥವನ್ನು ಪಾತ್ರವೇ ಆಗಿ ಹೇಳಬೇಕು. ಎದುರಿನವರು ಎತ್ತಿದ ಆಕ್ಷೇಪವನ್ನು ಹಿಡಿದಿಟ್ಟುಕೊಳ್ಳಬೇಕು, ಪುರಾಣದಿಂದ ಪ್ರತಿವಾದ ಹೆಕ್ಕಬೇಕು, ಪಾತ್ರದ ಮರ್ಯಾದೆ ಮೀರಬಾರದು, ಮುಂದಿನ ಪದ್ಯಕ್ಕೆ ದಾರಿ ಬಿಡಬೇಕು. ಗಮನ, ನೆನಪು, ಭಾಷೆ, ತೀರ್ಮಾನ ಎಲ್ಲವೂ ಒಂದೇ ಹೊತ್ತಿಗೆ, ಅದೂ ಸ್ನೇಹಿತರ ನಡುವೆ. ಮೊಬೈಲಿನ ಆಟ ಒಂಟಿಯಾಗಿ ಆಡುವಂಥದ್ದು. ಅಂಥ ತರಬೇತಿಯಲ್ಲಿ ಅಭ್ಯಾಸ ಮಾಡಿದ ಕೌಶಲ ಸುಧಾರಿಸುತ್ತದೆ, ಬೇರೆ ಕೆಲಸಗಳಿಗೆ ಹರಡುವುದು ಕಡಿಮೆ ಎಂದು 2002ರಲ್ಲಿ ಪ್ರಕಟವಾದ, 2,832 ಹಿರಿಯರ ಆ್ಯಕ್ಟಿವ್ ಪ್ರಯೋಗ ತೋರಿಸಿತ್ತು.

ನಮ್ಮ ಜಿಲ್ಲೆಯ ಇನ್ನೊಂದು ಆಸ್ತಿ ಭಾಷೆ. ಮಾವ ಮನೆಯಲ್ಲಿ ಹವ್ಯಕ ಕನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ, ಪೇಟೆಯ ಅಂಗಡಿಯಲ್ಲಿ ಕೊಂಕಣಿ ಆಡುತ್ತ ಬಂದವರು. ಡಾ. ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು. ಇದು ಗಮನಿಸಿ ಕಂಡುಕೊಂಡ ಸಂಬಂಧ, ಪ್ರಯೋಗದಿಂದ ಸಿದ್ಧವಾದ ಕಾರಣವಲ್ಲ. ಹಾಗಿದ್ದರೂ ಸೊಸೈಟಿಗೆ, ಪೇಟೆಗೆ ಮಾವನನ್ನು ಕರೆದುಕೊಂಡು ಹೋಗುವುದನ್ನು ಮಗ ಮತ್ತೆ ಶುರುಮಾಡಿದ. ವ್ಯವಹಾರವನ್ನು ಅವರ ಕೈಯಿಂದಲೇ ಮಾಡಿಸುತ್ತಾನೆ, ಪಟ್ಟಿಯನ್ನು ಆಮೇಲೆ ಇಬ್ಬರೂ ಕೂತು ನೋಡುತ್ತಾರೆ.

ಜಗಲಿಗೆ ಮರಳಿದ್ದು ಮುಂದಿನ ಮಳೆಗಾಲದಲ್ಲಿ, ನೆರೆಮನೆಯಲ್ಲಿ. ಕೃಷ್ಣನಲ್ಲ, ವಿದುರ, ಚಿಕ್ಕ ಪಾತ್ರ. ಎದುರಿನ ಅರ್ಥಧಾರಿಯನ್ನು ಮಾವನ ಬಲಗಿವಿಯ ಕಡೆ, ದೀಪ ಆ ಅರ್ಥಧಾರಿಯ ಮುಖಕ್ಕೆ ಬೀಳುವಂತೆ ಕೂರಿಸಿದರು. ಮದ್ದಲೆಯವರು ಎರಡು ಅಡಿ ಹಿಂದೆ ಸರಿದು ಕೂತರು. ಸಂಗೀತಕ್ಕೆಂದು ಶ್ರವಣತಜ್ಞೆ ಯಂತ್ರದಲ್ಲಿ ಬೇರೆ ಹೊಂದಿಕೆ ಮಾಡಿಕೊಟ್ಟಿದ್ದರು. ಮಾವ ಒಂದು ಕಡೆ ಶ್ಲೋಕ ಮರೆತು ತಡೆದರು, ಭಾಗವತರು ಮೆಲ್ಲಗೆ ಎತ್ತಿಕೊಟ್ಟರು, ಮಾತು ಮುಂದೆ ಹೋಯಿತು. ಬೆಳಿಗ್ಗೆ ಫೋನಿನಲ್ಲಿ ಹೇಗಾಯಿತು ಎಂದು ಕೇಳಿದೆ. "ಅಡ್ಡಿಲ್ಲೆ" ಎಂದರು.

ಈಗಿನ ಸ್ಥಿತಿ

ಒಂದು ವರ್ಷದ ನಂತರದ ಪರೀಕ್ಷೆಯಲ್ಲಿ 26 ಅಂಕ. ಪ್ರಶ್ನೆಗಳು ಈಗ ಸರಿಯಾಗಿ ಕೇಳಿಸುತ್ತವೆ, ಪರೀಕ್ಷೆಯೂ ಪರಿಚಿತ. ಏರಿಕೆಯ ಒಂದಷ್ಟು ಪಾಲು ಅದರದೇ ಎಂದು ವೈದ್ಯರು ಹೇಳಿದ್ದಾರೆ. ಬಿ12, ಬಿಪಿ, ನಿದ್ದೆಮಾತ್ರೆ, ಕಿವಿ, ನಡಿಗೆ, ಜನ, ಇವುಗಳಲ್ಲಿ ಯಾವುದರಿಂದ ಎಷ್ಟು ಗುಣವಾಯಿತೆಂದು ಒಬ್ಬ ಮನುಷ್ಯನಲ್ಲಿ ಬಿಡಿಸಿ ಹೇಳಲಾಗದು. ಫಿನ್‌ಲ್ಯಾಂಡಿನ ಫಿಂಗರ್ ಪ್ರಯೋಗದಲ್ಲೂ 60ರಿಂದ 77 ವಯಸ್ಸಿನ 1,260 ಜನರಲ್ಲಿ ಅರ್ಧದಷ್ಟು ಮಂದಿಗೆ ಎರಡು ವರ್ಷ ಆಹಾರ, ವ್ಯಾಯಾಮ, ಮಿದುಳಿನ ತರಬೇತಿ, ಬಿಪಿ ಮುಂತಾದವುಗಳ ನಿಗಾ ಎಲ್ಲವನ್ನೂ ಒಟ್ಟಿಗೇ ನಡೆಸಿದ್ದರು. ಮಾಮೂಲು ಸಲಹೆ ಪಡೆದವರಿಗಿಂತ ಅವರ ಅರಿವಿನ ಸಾಮರ್ಥ್ಯ ಹೆಚ್ಚು ಸುಧಾರಿಸಿತು ಎಂದು 2015ರಲ್ಲಿ ವರದಿಯಾಯಿತು.

ಹೆಸರುಗಳು ಈಗಲೂ ಮಾವನ ನಾಲಿಗೆಯ ತುದಿಯಲ್ಲಿ ನಿಂತುಬಿಡುತ್ತವೆ. ಹೊಗೆಸೊಪ್ಪು ದಿನಕ್ಕೆ ಒಂದು ಕವಳಕ್ಕೆ ಇಳಿದಿದೆ, ಪೂರ್ತಿ ಹೋಗಿಲ್ಲ. ಬಿ12 ಪರೀಕ್ಷೆ ಇನ್ನು ಪ್ರತಿವರ್ಷ ಆಗಬೇಕು, ನೆನಪಿನ ಪರೀಕ್ಷೆಯೂ. ಎಡಗಿವಿಗೆ ಇನ್ನೊಂದು ಯಂತ್ರ ಬೇಕೆಂದು ಈ ಸಲ ಮಾವನೇ ಕೇಳಿದ್ದಾರೆ. ಬಲಗಣ್ಣಿನ ಪೊರೆ ತೆಗೆಸುವುದನ್ನು ಅಡಿಕೆ ಕೊಯ್ಲು ಮುಗಿದ ಮೇಲೆ ಎಂದು ಗೊತ್ತುಮಾಡಿದ್ದೇವೆ.